ಉದ್ಯೋಗಸ್ಥನ ದನಿ

ಶಿರಸಿಯ ಸಮೀಪದ ಹುಲಗೋಳದಲ್ಲಿ ಅಡಕೆ ಬೆಳೆಯುವ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನು ಸಹಕಾರಿ ಸಂಘದ ಸದಸ್ಯ. ಸಂಘದ ನಡೆವಳಿಕೆ ಅವನಿಗೆ ಸರಿದೋರದಿದ್ದರೆ ಅವನ ಮುಂದೆ ಎರಡು ದಾರಿಗಳುಂಟು. ಅಡಕೆಯನ್ನು ಖಾಸಗಿ ವ್ಯಾಪಾರಿಗೆ ಕೊಟ್ಟು ಸುಮ್ಮನಾಗಬಹುದು; ಇಲ್ಲವೆ ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳಬಹುದು. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತವೆಂಬುದು ಸಹಕಾರದ ತತ್ತ್ವ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘವನ್ನು ಕಟ್ಟಿದ ಈ ಸೀಮೆಯ ಜನಕ್ಕೆ ಅದು ಹೊಸತಲ್ಲ.

ಅರ್ಥಶಾಸ್ತ್ರಜ್ಞನಾದ ಆಲ್ಬರ್ಟ್ ಹಿರ್ಷ್‌ಮನ್ನನು 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಎರಡು ದಾರಿಗಳನ್ನೇ 'ನಿರ್ಗಮನ' ಮತ್ತು 'ದನಿ' ಎಂದು ವಿಂಗಡಿಸಿದನು. ಇವುಗಳೊಡನೆ ಅವನು ಸೇರಿಸಿದ ಮೂರನೆಯ ಅಂಶ 'ನಿಷ್ಠೆ'. ಸಂಸ್ಥೆಯಲ್ಲಿ ಮಮತೆಯುಳ್ಳವನು ಬೇಗನೆ ಬಿಟ್ಟುಹೋಗನು. ಒಳಗಿದ್ದೇ ತಿದ್ದಲು ಯತ್ನಿಸುವನು. ಅಂದಮೇಲೆ ಪ್ರಶ್ನಿಸುವವನೆಲ್ಲ ದ್ರೋಹಿಯೆಂಬ ಭಾವನೆ ತಪ್ಪೆಂದಾಯಿತು.

ಈಗ ಆ ರೈತನ ಮಗಳು ಬೆಂಗಳೂರಿನ ತಂತ್ರಾಂಶ ಸಂಸ್ಥೆಯೊಂದನ್ನು ಸೇರಿದಳೆನ್ನೋಣ. ತಂದೆಗೆ ಸಂಘದಲ್ಲಿದ್ದ ಮತ ಮಗಳಿಗೆ ಕಚೇರಿಯಲ್ಲಿಲ್ಲ. 'ನಾನು ಇಂಜಿನಿಯರಳು, ಕಾರ್ಮಿಕಳಲ್ಲ' ಎಂಬ ಹೆಮ್ಮೆಯೂ ಅವಳ ಬಾಯಿ ಕಟ್ಟೀತು. ತಾನು ಯಾರೆಂದು ಮನುಷ್ಯ ಭಾವಿಸುತ್ತಾನೋ ಅದರಂತೆ ಅವನು ಮಾತಾಡುತ್ತಾನೆ ಅಥವಾ ಮೌನ ವಹಿಸುತ್ತಾನೆ. ಅಮೆರಿಕದ ನಿರ್ವಹಣಶಾಸ್ತ್ರಜ್ಞೆಯರಾದ ಡೆಬ್ರಾ ಮೆಯರ್ಸನ್ ಮತ್ತು ಮೌರೀನ್ ಸ್ಕಲ್ಲಿ 1995ರಲ್ಲಿ ಇಂಥ ಇಬ್ಬಂದಿಯಲ್ಲಿರುವವರನ್ನು ಕುರಿತು ಬರೆದರು. ಸಂಸ್ಥೆಗೂ ನಿಷ್ಠರು, ಅದಕ್ಕೆ ಹೊಂದದ ತಮ್ಮ ಆದರ್ಶಕ್ಕೂ ನಿಷ್ಠರು. ಆದ್ದರಿಂದ ಎರಡು ಕಡೆಯಿಂದಲೂ ಸಂಶಯಕ್ಕೆ ಪಾತ್ರರು. ಆದರೆ ಒಳಗಿನವರ ತಿಳಿವಳಿಕೆಯೂ ಹೊರಗಿನವರ ದೃಷ್ಟಿಯೂ ಏಕಕಾಲಕ್ಕೆ ಇರುವುದು ಇವರಿಗೇ.

ನಮ್ಮ ನಾಡಿನಲ್ಲಿ 2017ರಲ್ಲಿ ಐಟಿ ನೌಕರರ ಸಂಘವೊಂದು ಹುಟ್ಟಿತು. ದಿನಕ್ಕೆ 12 ಗಂಟೆಗಳಿಗೂ ಹೆಚ್ಚು ಕಾಲ ದುಡಿಸಲು ಅವಕಾಶ ಕೊಡುವ ಪ್ರಸ್ತಾಪವು 2024ರ ಜುಲೈಯಲ್ಲಿ ಬಂದಾಗ ಆ ಸಂಘ ಅದನ್ನು ವಿರೋಧಿಸಿತು. ಮೂರು ಪಾಳಿಗಳು ಎರಡಾದರೆ ಮೂರರಲ್ಲೊಂದು ಪಾಲು ಜನರು ಕೆಲಸ ಕಳೆದುಕೊಳ್ಳುವರೆಂಬುದು ಅದರ ವಾದ. ಒಪ್ಪುವುದೂ ಬಿಡುವುದೂ ಬೇರೆ ಮಾತು; ಅದು ಲೆಕ್ಕ ಹಾಕಿ ಪರೀಕ್ಷಿಸಬಹುದಾದ ವಾದವೆಂಬುದನ್ನು ಗಮನಿಸಬೇಕು.

ದನಿಯೆತ್ತಿದರೆ ಬಡ್ತಿ ತಪ್ಪೀತು, ಕೆಲಸವೇ ಹೋದೀತು ಎಂಬ ಅಂಜಿಕೆ ನಿರಾಧಾರವಲ್ಲ. ಲೈಂಗಿಕ ಕಿರುಕುಳದ ದೂರುಗಳನ್ನು ಗೂಗಲ್ ಸಂಸ್ಥೆ ನಿರ್ವಹಿಸಿದ ರೀತಿಯನ್ನು ಖಂಡಿಸಿ 2018ರ ನವೆಂಬರ್ 1ರಂದು ಅದರ ಸುಮಾರು 20,000 ನೌಕರರು ಹೊರನಡೆದರು. ವಾರದೊಳಗೆ ಒಂದು ನಿಯಮ ಬದಲಾಯಿತು: ಅಂಥ ದೂರುಗಳಿಗೆ ಕಡ್ಡಾಯ ಪಂಚಾಯಿತಿ ಇಲ್ಲವಾಯಿತು, ನ್ಯಾಯಾಲಯದ ಬಾಗಿಲು ತೆರೆಯಿತು. ಆದರೆ ಮುಂದಾಳುಗಳಲ್ಲಿ ಇಬ್ಬರು ತಮ್ಮ ಮೇಲೆ ಸೇಡು ತೀರಿಸಿಕೊಳ್ಳಲಾಗಿದೆ ಎಂದು ದೂರಿ ಮರುವರ್ಷ ಕೆಲಸ ಬಿಟ್ಟರು. ಫಲ ಎಲ್ಲರದು, ಬೆಲೆ ಕೆಲವರದು! ಆದುದರಿಂದಲೇ ಒಬ್ಬಂಟಿಯಾಗಿ ಕೂಗುವುದಕ್ಕಿಂತ ಹಲವರು ಕೂಡಿ, ಅಂಕಿಅಂಶಗಳೊಡನೆ ಕೇಳುವುದು ಲೇಸೆಂದು ನಾವು ಭಾವಿಸುತ್ತೇವೆ.

ಪ್ರಯೋಗಶಾಲೆಯಲ್ಲಿ 'ಇದಕ್ಕೆ ಆಧಾರವೇನು?' ಎಂದು ಕೇಳುವುದನ್ನು ವಿದ್ಯಾರ್ಥಿಗಳಿಗೆ ಗುಣವೆಂದು ಕಲಿಸುತ್ತೇವೆ. ಅದೇ ಪ್ರಶ್ನೆ ಕಚೇರಿಯ ಹೊಸ್ತಿಲು ದಾಟಿದೊಡನೆ ದೋಷವಾಗುವುದು ಹೇಗೆ? ವೃತ್ತಿಯನ್ನು ಆರಿಸಿಕೊಳ್ಳುವಾಗ ತರುಣರು ಸಂಬಳವೆಷ್ಟೆಂದು ವಿಚಾರಿಸಲಿ. ಅಲ್ಲಿ ಪ್ರಶ್ನೆ ಕೇಳಿದವರ ಗತಿ ಏನಾಯಿತೆಂಬುದನ್ನೂ ವಿಚಾರಿಸಲಿ.