ಅರವತ್ತಕ್ಕೆ ಖಾತೆ ಕ್ಲೋಸ್?

ನಮ್ಮ ಮುಂಬೈ ಬ್ರಾಂಚಿನಲ್ಲಿ 60 ತುಂಬಿದರೆ ಶಾಲು, ಹಾರ, ಗ್ರೂಪ್ ಫೋಟೋ. ಅಲ್ಲಿಗೆ ಮನುಷ್ಯನ ಖಾತೆಯೇ ಕ್ಲೋಸ್! ಇದು ತಪ್ಪು ಅನ್ನಲು ನನಗೆ ರಷ್ಯಾದ ಪುರಾತತ್ವಜ್ಞ ಸೆರ್ಗೇಯ್ ರುಡೆಂಕೊ ಸಾಕು.

1930ರಲ್ಲಿ ಸೋವಿಯತ್ ಸರ್ಕಾರ ಅವರನ್ನು ಬಂಧಿಸಿ, ಕಾಲುವೆ ತೋಡುವ ಕೈದಿಗಳ ಶಿಬಿರಕ್ಕೆ ಕಳಿಸಿತು. ಅಗೆತ ವರ್ಷಗಟ್ಟಲೆ ನಿಂತುಹೋಯಿತು. 1947ರಲ್ಲಿ, 62ರ ವಯಸ್ಸಿಗೆ, ಅಲ್ತಾಯ್ ಬೆಟ್ಟಗಳ ಪಜೀರಿಕ್‌ಗೆ ಮರಳಿ ಸಿಥಿಯನ್ನರ ಕಾಲದ ಅಲೆಮಾರಿಗಳ ಗೋರಿಗಳನ್ನು ಅಗೆಯತೊಡಗಿದರು. ಚಿನ್ನವನ್ನು ಕಳ್ಳರು ಎಂದೋ ಒಯ್ದಿದ್ದರು. ಆದರೆ ಅವರು ಕೊರೆದ ಕಿಂಡಿಯಿಂದಲೇ ನೀರಿಳಿದು ಹೆಪ್ಪುಗಟ್ಟಿ ಬಟ್ಟೆ, ಮರ, ಕುದುರೆಗಳೆಲ್ಲ ಕೊಳೆಯದೆ ಉಳಿದಿದ್ದವು. 1949ರಲ್ಲಿ ಸುಮಾರು 2,300 ವರ್ಷ ಹಳೆಯ ಉಣ್ಣೆಯ ರತ್ನಗಂಬಳಿಯೇ ಸಿಕ್ಕಿತು. ಆಗ ರುಡೆಂಕೊ ಅವರಿಗೆ 64!

ನನಗಿನ್ನು ಮೂರು ವರ್ಷ ಸರ್ವೀಸಿದೆ. ಶಾಲು ಹೊದಿಸುವವರೇ, ‘ಇನ್ನು ವಿಶ್ರಾಂತಿ ತಗೊಳ್ಳಿ’ ಅನ್ನಬೇಡಿ. ‘ಮುಂದೇನು ಮಾಡ್ತೀರಿ ಸಾರ್?’ ಅಂತ ಕೇಳಿ.