ಲೇಶಮಾತ್ರ ಖನಿಜ, ಹೃದಯಕ್ಕೆ ಆಧಾರ

ಹೃದ್ರೋಗವೆಂದೊಡನೆ ಕೊಬ್ಬು, ರಕ್ತದ ಒತ್ತಡ, ಧೂಮಪಾನ ಇವೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಮಣ್ಣಿನಲ್ಲಿ ಒಂದು ಖನಿಜ ಕಡಿಮೆಯಾದುದರಿಂದ ಹಳ್ಳಿಹಳ್ಳಿಗಳ ಮಕ್ಕಳ ಹೃದಯ ಸೋತುಹೋದ ನಿದರ್ಶನವೂ ವೈದ್ಯಶಾಸ್ತ್ರದಲ್ಲಿದೆ. ಹೃದಯರಕ್ಷಣೆಯ ಹೆಸರಿನಲ್ಲಿ ಖನಿಜಗಳ ಗುಳಿಗೆಗಳು ಔಷಧದಂಗಡಿಗಳನ್ನು ತುಂಬಿರುವ ಈ ಕಾಲದಲ್ಲಿ ಆ ವೃತ್ತಾಂತವನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಚೀನದ ಈಶಾನ್ಯ ಭಾಗದಲ್ಲಿ ಕೆಶಾನ್ ಎಂಬ ಪ್ರದೇಶವಿದೆ. 1935ರಲ್ಲಿ ಅಲ್ಲಿ ಕಾಣಿಸಿಕೊಂಡ ವ್ಯಾಧಿಗೆ ಆ ಊರಿನ ಹೆಸರೇ ನಿಂತಿತು. ಹೃದಯದ ಸ್ನಾಯು ಅಲ್ಲಲ್ಲಿ ನಶಿಸುತ್ತದೆ. ಹೃದಯ ಹಿಗ್ಗಿ, ರಕ್ತವನ್ನು ನೂಕುವ ಶಕ್ತಿ ಕುಂದುತ್ತದೆ. ಚಿಕ್ಕ ಮಕ್ಕಳೂ ಹೆರುವ ವಯಸ್ಸಿನ ಹೆಂಗಸರೂ ಇದಕ್ಕೆ ಹೆಚ್ಚಾಗಿ ತುತ್ತಾದರು. ಈಶಾನ್ಯದಿಂದ ನೈರುತ್ಯಕ್ಕೆ ಹಬ್ಬಿದ ಒಂದು ಪಟ್ಟಿಯಲ್ಲಿಯೇ ಈ ರೋಗ ನೆಲೆಸಿತ್ತು. ಅಲ್ಲಿಯ ಮಣ್ಣು, ಧಾನ್ಯ, ಜನರ ರಕ್ತ ಎಲ್ಲದರಲ್ಲಿಯೂ ಸೆಲೆನಿಯಮ್ ಎಂಬ ಖನಿಜ ಅತ್ಯಲ್ಪವೆಂದು ಪರೀಕ್ಷೆಗಳಿಂದ ತಿಳಿಯಿತು. ತಮ್ಮ ಹೊಲದ ಬೆಳೆಯನ್ನೇ ಉಣ್ಣುವ ರೈತಕುಟುಂಬಗಳಿಗೆ ಅದು ಬೇರೆಡೆಯಿಂದ ಒದಗುವಂತಿರಲಿಲ್ಲ.

1974ರಲ್ಲಿ ಸಿಚುವಾನ್ ಪ್ರಾಂತದ ಮಿಯಾನ್‌ನಿಂಗ್‌ನಲ್ಲಿ 4510 ಮಕ್ಕಳಿಗೆ ವಾರಕ್ಕೊಮ್ಮೆ ಸೆಲೆನಿಯಮ್ ಲವಣದ ಗುಳಿಗೆಯನ್ನು ಕೊಡಲಾಯಿತು. ಬೇರೆ 3985 ಮಕ್ಕಳಿಗೆ ಬರಿಯ ಹುಸಿಗುಳಿಗೆ. ಆ ವರ್ಷ ಹುಸಿಗುಳಿಗೆಯ ಗುಂಪಿನಲ್ಲಿ 54 ಮಕ್ಕಳು ರೋಗಕ್ಕೆ ಈಡಾದರೆ, ಸೆಲೆನಿಯಮ್ ಪಡೆದವರಲ್ಲಿ ಈಡಾದವರು 10 ಮಂದಿ. ಮರುವರ್ಷವೂ ಫಲ ಹಾಗೆಯೇ ಕಂಡುದರಿಂದ 1976ರಲ್ಲಿ ಹುಸಿಗುಳಿಗೆಯನ್ನು ಕೈಬಿಟ್ಟು ಎಲ್ಲ ಮಕ್ಕಳಿಗೂ ಸೆಲೆನಿಯಮ್ ಕೊಡಲಾಯಿತು.

ಇಷ್ಟು ಸೂಕ್ಷ್ಮವಾದ ವಸ್ತುವಿಗೆ ಇಂತಹ ಸಾಮರ್ಥ್ಯವೆಲ್ಲಿಯದು? ಉಸಿರಾಡಿದ ಆಮ್ಲಜನಕವನ್ನು ಜೀವಕೋಶಗಳು ಬಳಸುವಾಗ ಹೈಡ್ರೊಜನ್ ಪೆರಾಕ್ಸೈಡಿನಂತಹ ತೀಕ್ಷ್ಣ ವಸ್ತುಗಳೂ ಹುಟ್ಟುತ್ತವೆ. ಅವು ಮಿತಿಮೀರಿದರೆ ಕೋಶದ ಪೊರೆಯನ್ನೇ ಕೆಡಿಸುತ್ತವೆ. ಹಗಲಿರುಳು ದುಡಿಯುವ ಹೃದಯಸ್ನಾಯುವಿಗೆ ಆಮ್ಲಜನಕದ ಬಳಕೆಯೂ ಅಧಿಕ. ಈ ಪೆರಾಕ್ಸೈಡನ್ನು ನೀರಾಗಿ ಮಾರ್ಪಡಿಸುವ ಕಿಣ್ವಗಳಲ್ಲಿ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಒಂದು. ಅದರ ರಚನೆಯಲ್ಲಿ ಸೆಲೆನಿಯಮ್ ಅಡಗಿದೆಯೆಂದು 1973ರಲ್ಲಿ ಗೊತ್ತಾಯಿತು. ತಾಮ್ರ, ಸತು, ಮ್ಯಾಂಗನೀಸ್‌ಗಳೂ ಇಂತಹುದೇ ರಕ್ಷಣೆಯ ಇನ್ನೊಂದು ಬಗೆಯ ಕಿಣ್ವಗಳಲ್ಲಿ ಸೇರಿವೆ. ಕೆಶಾನ್ ರೋಗಕ್ಕೆ ಕೊರತೆಯೊಂದೇ ಕಾರಣವಲ್ಲವೆಂಬುದನ್ನೂ ಹೇಳಬೇಕು. ಸೆಲೆನಿಯಮ್ ಇಲ್ಲದ ಆಹಾರ ತಿಂದ ಇಲಿಗಳಲ್ಲಿ ನಿರುಪದ್ರವಿಯಾದ ಕಾಕ್ಸ್‌ಸಾಕಿ ವೈರಸ್ ಹೃದಯಕ್ಕೆ ಹಾನಿ ಮಾಡುವ ರೂಪ ತಳೆಯಿತೆಂದು 1990ರ ದಶಕದ ಪ್ರಯೋಗಗಳು ತೋರಿಸಿದವು.

ಹಾಗಾದರೆ ಎಲ್ಲರೂ ಸೆಲೆನಿಯಮ್ ನುಂಗಿದರೆ ಹೃದಯ ಗಟ್ಟಿಯಾದೀತೆ? ಇಲ್ಲ. ಅಮೆರಿಕದ ಸುತ್ತಮುತ್ತ 35,000ಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡ ಒಂದು ಪರೀಕ್ಷೆಯಲ್ಲಿ ದಿನಕ್ಕೆ 200 ಮೈಕ್ರೊಗ್ರಾಂ ಸೆಲೆನಿಯಮ್ ಕೊಟ್ಟು ನೋಡಿದರು. 2008ರಲ್ಲಿ ಗುಳಿಗೆಗಳನ್ನು ನಿಲ್ಲಿಸಲಾಯಿತು; ಹೃದ್ರೋಗ ಕಡಿಮೆಯಾಗಲಿಲ್ಲ. ಅವರ ಊಟದಲ್ಲಿಯೇ ಬೇಕಾದಷ್ಟು ಸೆಲೆನಿಯಮ್ ಇತ್ತು. ತುಂಬಿದ ಕೊಡಕ್ಕೆ ಮತ್ತೆ ನೀರೆರೆದರೆ ಹೊರಚೆಲ್ಲುವುದಷ್ಟೆ. ಸೆಲೆನಿಯಮ್ ಅತಿಯಾದರೆ ಅಪಾಯವೂ ಉಂಟು: ಅದೇ ಚೀನದ ಎನ್ಶಿ ಪ್ರದೇಶದಲ್ಲಿ, ಮಣ್ಣಿನ ಸೆಲೆನಿಯಮ್ ಮಿತಿಮೀರಿದ ಕಾರಣ, 1960ರ ದಶಕದಲ್ಲಿ ಜನರ ಕೂದಲೂ ಉಗುರುಗಳೂ ಉದುರಿದವು.

ವಯಸ್ಕರಿಗೆ ದಿನಕ್ಕೆ 40 ಮೈಕ್ರೊಗ್ರಾಂ ಸಾಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಲಹೆ. ಬೇಳೆಕಾಳು, ತೌಡು ತೆಗೆಯದ ಧಾನ್ಯ, ಒಗ್ಗುವವರಿಗೆ ಮೀನು ಮೊಟ್ಟೆ ಇವುಗಳಿಂದ ಅದು ದೊರೆಯುತ್ತದೆ. ಒಂದೇ ಹೊಲದ ಒಂದೇ ಧಾನ್ಯವನ್ನು ನೆಚ್ಚದೆ ಬಗೆಬಗೆಯಾಗಿ ಉಣ್ಣುವುದೇ ಕೆಶಾನ್ ಕಲಿಸುವ ಪಾಠ. ಕೊರತೆಯಿದೆಯೆಂದು ವೈದ್ಯರು ಪರೀಕ್ಷಿಸಿ ಹೇಳಿದರೆ ಗುಳಿಗೆ ಬೇಕು, ಇಲ್ಲವಾದರೆ ಬೇಡ. ಹೊಸ ಗುಳಿಗೆಯ ಭರವಸೆಯಲ್ಲಿ ರಕ್ತದೊತ್ತಡದ ಔಷಧವನ್ನು ಮನೆಯ ಹಿರಿಯರು ತಾವಾಗಿಯೇ ಬಿಡದಂತೆ ನೋಡಿಕೊಳ್ಳಬೇಕೆಂದು ಪ್ರತಿಯೊಂದು ಕುಟುಂಬದಲ್ಲಿಯೂ ನಮ್ಮ ವಿನಂತಿ.