ಪ್ರೀಮಿಯಂ ಹಾಕ್ಲಾ ಸಾರ್?

"ಝೀರೋ ನೋಡ್ಕೊಳಿ ಸಾರ್. ಪ್ರೀಮಿಯಂ ಹಾಕ್ಲಾ?"

ಹಿಂದೆ ನಾಲ್ಕು ಗಾಡಿ ನಿಂತು ಹಾರ್ನ್ ಹೊಡೀತಿರುವಾಗ ಬಂಕಿನ ಹುಡುಗ ಕೇಳುವ ಈ ಪ್ರಶ್ನೆಗೆ ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ "ಹೂಂ, ಹಾಕಿ" ಅಂತಲೇ ಹೇಳ್ತಾ ಬಂದೆ. ಯೋಚನೆ ಮಾಡಿ ಹೇಳಿದ್ದೇನಲ್ಲ. ನನ್ನದು ಐದು ವರ್ಷ ಹಳೆಯ 150 ಸಿಸಿ ಬೈಕ್. ಬನಶಂಕರಿಯಿಂದ ಬೆಳ್ಳಂದೂರಿಗೆ ದಿನಾ ಹೋಗಿ ಬರಬೇಕು. ಸಿಗ್ನಲ್ ಬಿಟ್ಟಾಗ ಗಾಡಿ ಸ್ವಲ್ಪ ಮುಗ್ಗರಿಸುತ್ತಿತ್ತು, ಮೈಲೇಜೂ ಇಳಿದಿತ್ತು. ಸರ್ವಿಸ್‌ಗೆ ಬಿಡೋಣ ಅಂದ್ರೆ ಶನಿವಾರ ಫ್ರೀ ಇರಲ್ಲ. ಲೀಟರ್‌ಗೆ ಎಂಟು ರೂಪಾಯಿ ಜಾಸ್ತಿ ಕೊಟ್ಟರೆ ಗಾಡಿಯನ್ನ ಚೆನ್ನಾಗಿ ನೋಡ್ಕೊಂಡ ಹಾಗಾಯ್ತು ಅನ್ನೋ ಸಮಾಧಾನ ಮಾತ್ರ ಇತ್ತು.

ಯುಗಾದಿಗೆ ಅಪ್ಪ ಹಾಸನದಿಂದ ಬಂದಿದ್ದರು. ಹಾಲು ತರೋಕೆ ನನ್ನ ಬೈಕ್ ತಗೊಂಡು ಹೋದವರು ವಾಪಸ್ ಬಂದು ಕೀ ಮೇಜಿನ ಮೇಲಿಟ್ಟು, "ಏನ್ ಹಾಕ್ಸ್ತೀಯೋ ಇದಕ್ಕೆ?" ಅಂದರು.

"ಪ್ರೀಮಿಯಂ ಅಪ್ಪ. 95 ಆಕ್ಟೇನ್."

"ಹಂಗಾದ್ರೆ ಟೈರಿಗೆ ಗಾಳಿ ಹಾಕ್ಸೋಕೆ ದುಡ್ಡು ಉಳೀಲಿಲ್ವಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ಕೂತು, ನಾನು ಕೊಂಡುಕೊಳ್ತಿರೋದು ನಿಜವಾಗಿ ಏನು ಅಂತ ಓದೋಕೆ ಶುರು ಮಾಡಿದೆ.

ಪ್ರೀಮಿಯಂ ಅನ್ನೋ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ಆಕ್ಟೇನ್, ಇನ್ನೊಂದು ಅಡಿಟಿವ್. ಎಕ್ಸ್‌ಪಿ95, ಪವರ್95, ಎಕ್ಸ್‌ಪಿ100 ಅಂತ ಹೆಸರಿನ ಕೊನೆಯಲ್ಲಿ ಬರುವ ಸಂಖ್ಯೆ ಆಕ್ಟೇನಿನದು.

ಆಕ್ಟೇನ್ ಸಂಖ್ಯೆ ಅಂದ್ರೆ ಪೆಟ್ರೋಲಿನ ತಾಳ್ಮೆಯ ಅಳತೆ. ಎಂಜಿನ್ ಒಳಗೆ ಪಿಸ್ಟನ್ ಗಾಳಿ ಮತ್ತು ಪೆಟ್ರೋಲನ್ನ ಒತ್ತುತ್ತೆ, ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟಾಗ ಅದು ಕ್ರಮವಾಗಿ ಉರೀಬೇಕು. ಆ ಉರಿ ತಲುಪುವ ಮೊದಲೇ, ಒತ್ತಡ ಮತ್ತು ಬಿಸಿಗೆ ಒಂದಷ್ಟು ಪೆಟ್ರೋಲ್ ತಾನಾಗೇ ಹೊತ್ತಿಕೊಂಡರೆ ಅದೇ ನಾಕಿಂಗ್. ಟಾಪ್ ಗೇರಿನಲ್ಲೇ ಘಾಟಿ ಹತ್ತೋಕೆ ಹೋದಾಗ ಟಕಟಕ ಅಂತ ಕೇಳತ್ತಲ್ಲ, ಅದು. ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲ್ ಹೆಚ್ಚು ಒತ್ತಡ ತಡೆಯುತ್ತೆ. ಅಷ್ಟೇ. ಅದರಲ್ಲಿ ಹೆಚ್ಚು ಶಕ್ತಿ ತುಂಬಿರಲ್ಲ. ನಮ್ಮ ಸಾಮಾನ್ಯ ಸ್ಕೂಟರ್, ಬೈಕುಗಳು ಒತ್ತೋದು ಸುಮಾರು ಹತ್ತು ಪಟ್ಟು. 91 ಆಕ್ಟೇನ್ ಅದಕ್ಕೆ ಸಾಕು ಅಂತ ಲೆಕ್ಕ ಹಾಕಿಯೇ ಎಂಜಿನ್ ಮಾಡಿರ್ತಾರೆ. ಎಂಟು ಜಿಬಿ ರ‍್ಯಾಮ್ ಕೂಡ ಪೂರ್ತಿ ಬಳಸದ ಪ್ರೋಗ್ರಾಮಿಗೆ ಮೂವತ್ತೆರಡು ಜಿಬಿ ಕೊಟ್ಟರೆ ಅದೇನು ಬೇಗ ಓಡತ್ತಾ?

ಇನ್ನೂ ಒಂದು ವಿಷಯ ಇದೆ. 2020ರಲ್ಲಿ ಬಿಎಸ್-6 ಬಂದಾಗ ಮಾಮೂಲಿ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91 ಇತ್ತು. ಎಥನಾಲ್‌ನ ಆಕ್ಟೇನ್ 108 ದಾಟುತ್ತೆ, ಹಾಗಾಗಿ ಅದನ್ನ ಬೆರೆಸಿದಷ್ಟೂ ಪೆಟ್ರೋಲಿನ ಆಕ್ಟೇನ್ ಏರುತ್ತೆ. 20% ಎಥನಾಲ್ ಬೆರೆತ ಇ20 ಪೆಟ್ರೋಲ್ 95 ಆಕ್ಟೇನ್ ಮುಟ್ಟಿದೆ ಅಂತ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು. ಅಂದ್ರೆ ನಾನು ಎಂಟು ರೂಪಾಯಿ ಜಾಸ್ತಿ ಕೊಟ್ಟು ಕೇಳ್ತಿದ್ದ ಸಂಖ್ಯೆ ಪಕ್ಕದ ಮಾಮೂಲಿ ಪಂಪಿನಲ್ಲೇ ಬರ್ತಿತ್ತು! "ಪ್ರೀಮಿಯಂನಲ್ಲಿ ಎಥನಾಲ್ ಇರಲ್ಲ, ಅದಕ್ಕೇ ಹಾಕಿಸ್ತೀನಿ" ಅನ್ನೋ ಗೆಳೆಯರೂ ಇದ್ದಾರೆ. 95ರ ಪ್ರೀಮಿಯಂನಲ್ಲೂ ಎಥನಾಲ್ ಇರುತ್ತೆ.

ಇನ್ನು ಅಡಿಟಿವ್. ಇದು ಸುಳ್ಳಲ್ಲ, ಅದನ್ನ ಒಪ್ಪಿಕೊಳ್ಳಬೇಕು. ನಮ್ಮ ತೈಲ ಕಂಪನಿಗಳು ಎಷ್ಟೋ ಕಡೆ ಒಬ್ಬರ ರಿಫೈನರಿಯ ಪೆಟ್ರೋಲನ್ನ ಇನ್ನೊಬ್ಬರು ತಗೊಂಡು ಮಾರ್ತಾರೆ. ಅದಕ್ಕೆ ಬೆರೆಸುವ ಅಡಿಟಿವ್ ಮಾತ್ರ ಅವರವರದು. ಅದರಲ್ಲಿ ಮುಖ್ಯವಾದದ್ದು ಡಿಟರ್ಜೆಂಟ್, ಅಂದ್ರೆ ಇಂಜೆಕ್ಟರ್ ಮತ್ತು ವಾಲ್ವ್ ಮೇಲೆ ಕಟ್ಟುವ ಮಸಿ ತೊಳೆಯೋ ವಸ್ತು. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2016ರಲ್ಲಿ ಪರೀಕ್ಷೆ ಮಾಡಿಸಿದಾಗ, ಕಡಿಮೆ ಡಿಟರ್ಜೆಂಟ್ ಇರುವ ಪೆಟ್ರೋಲಿನಲ್ಲಿ ಸರಾಸರಿ 19 ಪಟ್ಟು ಹೆಚ್ಚು ಮಸಿ ಕಟ್ಟಿತ್ತು. ಆದರೆ ಅದೇ ವರ್ಷ ಅದೇ ಸಂಘ ಇನ್ನೊಂದು ಮಾತನ್ನೂ ಹೇಳಿತು: ಮಾಮೂಲಿ ಪೆಟ್ರೋಲ್ ಸಾಕಾಗುವ ಕಾರಿಗೆ ಹೆಚ್ಚು ಆಕ್ಟೇನಿನ ಪ್ರೀಮಿಯಂ ಹಾಕಿಸಿ ಅಮೆರಿಕದ ಜನ ಒಂದು ವರ್ಷದಲ್ಲಿ 210 ಕೋಟಿ ಡಾಲರ್ ವ್ಯರ್ಥ ಮಾಡಿದ್ದಾರೆ ಅಂತ. ಡಿಟರ್ಜೆಂಟ್ ಬೇರೆ, ಆಕ್ಟೇನ್ ಬೇರೆ ಅನ್ನೋದು ಇಲ್ಲೇ ಗೊತ್ತಾಗತ್ತೆ.

ಈಗಿನ ಕೆಲವು ಟರ್ಬೊ ಕಾರುಗಳದ್ದು ಡೈರೆಕ್ಟ್ ಇಂಜೆಕ್ಷನ್. ಅದರಲ್ಲಿ ಪೆಟ್ರೋಲ್ ಸೀದಾ ಸಿಲಿಂಡರಿಗೆ ಹೋಗುತ್ತೆ, ಗಾಳಿ ಒಳಗೆ ಬರುವ ವಾಲ್ವನ್ನ ಮುಟ್ಟುವುದೇ ಇಲ್ಲ. ಅಲ್ಲಿನ ಮಸಿಯನ್ನ ಎಷ್ಟು ದುಬಾರಿ ಪೆಟ್ರೋಲೂ ತೊಳೆಯಲ್ಲ.

ಓದಿದ್ದು ಸಾಕು, ಲೆಕ್ಕ ನೋಡೋಣ ಅಂತ ಸ್ಪ್ರೆಡ್‌ಶೀಟ್ ತೆರೆದೆ. ಒಂದೇ ಬಂಕ್, ಒಂದೇ ದಾರಿ, ಪ್ರತಿ ಸಲ ಫುಲ್ ಟ್ಯಾಂಕ್. ಮೂರು ಟ್ಯಾಂಕ್ ಪ್ರೀಮಿಯಂ, ಮೂರು ಟ್ಯಾಂಕ್ ಮಾಮೂಲಿ. ಪ್ರೀಮಿಯಂ ಸರಾಸರಿ 45.2 ಕಿಲೋಮೀಟರ್ ಕೊಟ್ಟಿತು, ಮಾಮೂಲಿ 44.8. ಸಿಲ್ಕ್ ಬೋರ್ಡಿನಲ್ಲಿ ಒಂದು ದಿನ ಜಾಸ್ತಿ ನಿಂತರೂ ಈ ವ್ಯತ್ಯಾಸ ಅಳಿಸಿಹೋಗತ್ತೆ. ಆಗ ಮಾಮೂಲಿ ಪೆಟ್ರೋಲ್ 103 ರೂಪಾಯಿ ಹತ್ತಿರ ಇತ್ತು, ಪ್ರೀಮಿಯಂ 111 ಇತ್ತು. ಕೊಟ್ಟ ಎಂಟು ರೂಪಾಯಿ ವಾಪಸ್ ಬರಬೇಕು ಅಂದ್ರೆ ಗಾಡಿ 48 ದಾಟಬೇಕಿತ್ತು. ತಿಂಗಳಿಗೆ ಸುಮಾರು ಇಪ್ಪತ್ತು ಲೀಟರ್ ಹಾಕಿಸ್ತೀನಿ. ವರ್ಷಕ್ಕೆ 1,920 ರೂಪಾಯಿ ಜಾಸ್ತಿ ಕೊಟ್ಟ ಹಾಗಾಯ್ತು.

ಕೊನೆಗೂ ಒಂದು ಶನಿವಾರ ನಮ್ಮ ಏರಿಯಾದ ಮೆಕ್ಯಾನಿಕ್ ಹತ್ತಿರ ಗಾಡಿ ಬಿಟ್ಟೆ. ಏರ್ ಫಿಲ್ಟರ್ ತೆಗೆದು ತೋರಿಸಿದರು. ಮಣ್ಣು ಮೆತ್ತಿಕೊಂಡು ಕಾಲೊರೆಸುವ ಮ್ಯಾಟ್ ಥರ ಆಗಿತ್ತು. ಸ್ಪಾರ್ಕ್ ಪ್ಲಗ್ ಸವೆದಿತ್ತು, ಚೈನ್ ಒಣಗಿತ್ತು. ಆಮೇಲೆ ಹಿಂದಿನ ಚಕ್ರ ಬಿಚ್ಚಿ, "ಸಾರ್, ಅದೆಲ್ಲಾ ಬಿಡಿ, ಇದನ್ನ ನೋಡಿ ಮೊದ್ಲು" ಅಂದರು. ಬ್ರೇಕ್ ಶೂ ಪೂರ್ತಿ ಸವೆದು ಹೋಗಿತ್ತು. ಅದರ ಹಿಂದಿನ ವಾರವಷ್ಟೇ ಅಮ್ಮನನ್ನ ಹಿಂದೆ ಕೂರಿಸಿಕೊಂಡು ಕನಕಪುರ ರಸ್ತೆಯಲ್ಲಿ ಹೋಗಿ ಬಂದಿದ್ದೆ. ಆ ಶೂ ನೋಡ್ತಾ ನನಗೆ ಮಾತೇ ಹೊರಡಲಿಲ್ಲ.

ಬಿಲ್ ಆಗಿದ್ದು 1,750 ರೂಪಾಯಿ. ಒಂದು ವರ್ಷ "ಟೈಮಿಲ್ಲ" ಅಂತ ಯಾವ ಕೆಲಸ ಮುಂದೂಡಿದ್ದೆನೋ, ಅದಕ್ಕಿಂತ ಜಾಸ್ತಿ ದುಡ್ಡನ್ನ ಎಂಟೆಂಟು ರೂಪಾಯಿಯಾಗಿ ಬಂಕಿಗೆ ಕೊಟ್ಟಿದ್ದೆ. ಸರ್ವಿಸ್ ಮಾಡಿಸಿ, ಟೈರಿಗೆ ಸರಿಯಾಗಿ ಗಾಳಿ ಹಾಕಿಸಿದ ಮೇಲೆ ಮಾಮೂಲಿ ಪೆಟ್ರೋಲಿನಲ್ಲೇ 47.6 ಬಂತು. ಮುಗ್ಗರಿಸೋದೂ ನಿಂತಿತು.

ಹಾಗಾದ್ರೆ ಪ್ರೀಮಿಯಂ ಯಾರೂ ಹಾಕಿಸಬಾರದಾ? ಹಾಗಲ್ಲ. ನಿಮ್ಮ ಗಾಡಿಯ ಓನರ್ಸ್ ಮ್ಯಾನ್ಯುಯಲ್ ತೆಗೆದು ನೋಡಿ, ಅಥವಾ ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿರುವ ಚೀಟಿ ಓದಿ. ಅಲ್ಲಿ 95 ಬೇಕು ಅಂತ ಬರೆದಿದ್ದರೆ ವಾದ ಮಾಡದೆ ಅದನ್ನೇ ಹಾಕಿಸಿ. ಹೆಚ್ಚು ಕಂಪ್ರೆಶನ್ನಿನ ಸ್ಪೋರ್ಟ್ಸ್ ಬೈಕುಗಳು, ಕೆಲವು ಐಷಾರಾಮಿ ಕಾರುಗಳು ಈ ಗುಂಪಿಗೆ ಬರುತ್ತವೆ. ಟರ್ಬೊ ಕಾರುಗಳಲ್ಲಿ ನಾಕ್ ಸೆನ್ಸರ್ ಇದ್ದು, ಆಕ್ಟೇನ್‌ಗೆ ತಕ್ಕಂತೆ ಕಿಡಿ ಕೊಡುವ ಸಮಯ ಬದಲಾಯಿಸಿಕೊಳ್ತಾವೆ. ಅಲ್ಲಿ ಸ್ವಲ್ಪ ಲಾಭ ಕಾಣಬಹುದು. 91 ಅಂತ ಇದ್ದರೆ, ಜನ ಜಾಸ್ತಿ ಬರುವ ಒಳ್ಳೆ ಬಂಕಿನ ಮಾಮೂಲಿ ಪೆಟ್ರೋಲ್ ಸಾಕು. ಅಡಿಟಿವ್ ಬೇಕು ಅನಿಸಿದರೆ ಹಾಕಿಸಿ, ತೊಂದರೆಯಿಲ್ಲ. ಆದರೆ ಸರ್ವಿಸ್ ಮಾಡಿಸಿದ ಮೇಲೆ.

ಮೊನ್ನೆ ಅದೇ ಬಂಕಿಗೆ ಹೋಗಿದ್ದೆ. ಹುಡುಗ ಅದೇ ಪ್ರಶ್ನೆ ಕೇಳಿದ. "ಬೇಡಪ್ಪ, ನಾರ್ಮಲ್ ಹಾಕು" ಅಂದೆ. ಪೆಟ್ರೋಲ್ ಹಾಕಿಸಿಕೊಂಡು, ಬಂಕಿನ ಮೂಲೆಯಲ್ಲಿದ್ದ ಗಾಳಿ ಮೆಷಿನ್ ಹತ್ತಿರ ಗಾಡಿ ತಿರುಗಿಸಿದೆ. ಅಲ್ಲಿ ಕ್ಯೂ ಇರಲಿಲ್ಲ. ದುಡ್ಡೂ ಕೇಳಲಿಲ್ಲ.